ಹಳೆಯ ಪೆಟ್ಟಿಗೆಯಲ್ಲಿದ್ದವಳು

ಹೊಸ ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಿನಲ್ಲಿ ನೆನೆಸುವುದು, ಊರಿಗೆಲ್ಲ ಕಿಟಕಿ ಪರದೆ ಹೊಲಿದುಕೊಡುವ ಪರದೆ ಅಕ್ಕನ ಪದ್ಧತಿ. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಪರದೆ ಗಿಡ್ಡವಾಗಿ, ಕಿಟಕಿಯ ಅರ್ಧಕ್ಕೆ ನಿಂತು ಮಾನ ಕಳೆಯುತ್ತದೆ. ಅವತ್ತು ಬಕೆಟ್ಟಿನ ಮೇಲೆ ಬಗ್ಗಿದಾಗ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ಜಾರಿ ನೀರಿಗೆ ಬಿತ್ತು. ಒಣಗಿಸಿದರೂ, ಅಂಗಡಿಗೆ ಕೊಟ್ಟರೂ ಅದು ಮತ್ತೆ ಕಣ್ಣು ಬಿಡಲಿಲ್ಲ.

ತೀರಿಹೋದ ಗಂಡನ ದನಿ ಇದ್ದದ್ದು ಅದೊಂದರಲ್ಲೇ. ದೊಡ್ಡ ಮಾತೇನೂ ಅಲ್ಲ. "ಬರೋದು ತಡ ಆಗುತ್ತೆ, ನೀನು ಊಟ ಮಾಡು, ಕಾಯಬೇಡ" ಎಂದು ಕೆಲಸದ ಜಾಗದಿಂದ ಕಳಿಸಿದ್ದ ಸಂದೇಶ. ಅವಳು ಅದನ್ನು ದಿನಾ ಕೇಳುತ್ತಿರಲಿಲ್ಲ. ಇದೆಯಲ್ಲ ಎನ್ನುವ ಧೈರ್ಯದಲ್ಲಿ ಇದ್ದಳು, ಅಷ್ಟೆ.

ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಅಮ್ಮ ಅಳದೆ ಸುಮ್ಮನೆ ಹೊಲಿಯುತ್ತಾ ಕೂತದ್ದನ್ನು ನೋಡಿ ಅವಳಿಗೆ ಹೆದರಿಕೆಯಾಯಿತು.

"ಉಳಿದಿದ್ದನ್ನಾದರೂ ಕಾಪಾಡೋಣಮ್ಮ," ಎಂದಳು. "ನನ್ನ ಫೋನಲ್ಲಿರೋ ಫೋಟೋ, ನೀನು ಹೊಲಿದ ಪರದೆಗಳ ಫೋಟೋ, ಚಿಕ್ಕಮ್ಮನ ಹತ್ರ ಇರೋ ಅಪ್ಪನ ಫೋಟೋ, ಎಲ್ಲ ಒಂದೇ ಕಡೆ ಇಡೋದಕ್ಕೆ ಒಂದು ಪೆಟ್ಟಿಗೆ ಬರುತ್ತೆ. ಇಂಟರ್ನೆಟ್ ಬರೋ ಡಬ್ಬಿಗೆ ಜೋಡಿಸಿಬಿಟ್ರೆ ಸಾಕು. ಮನೆಯಲ್ಲಿರೋ ಯಾವ ಫೋನಿಂದ ಬೇಕಾದ್ರೂ, ಟಿವಿಯಿಂದ ಬೇಕಾದ್ರೂ ನೋಡಬಹುದು."

ಆಮೇಲೆ ಕೆಲವು ವಾರ ಮನೆಯಲ್ಲಿ ಅದೇ ಮಾತು. ಎಲ್ಲಕ್ಕಿಂತ ಅಗ್ಗದ ಪೆಟ್ಟಿಗೆಯಲ್ಲಿ ಇರುವುದು ಒಂದೇ ಡಿಸ್ಕು. ಅದು ಕೆಟ್ಟರೆ ಕತೆ ಮುಗಿಯಿತು. ಮೇಲಾಗಿ ಅದನ್ನು ಮಾರಿದ ಕಂಪನಿ ಮುಚ್ಚಿಕೊಂಡರೆ ಒಳಗಿರುವುದನ್ನು ತೆರೆಯುವುದೇ ಕಷ್ಟ ಎಂದು ಬಳಸಿದವರು ದೂರಿದ್ದರು. ಹಳೆಯ ಕಂಪ್ಯೂಟರನ್ನೇ ಈ ಕೆಲಸಕ್ಕೆ ಹಚ್ಚಬಹುದಿತ್ತು, ಆದರೆ ಹಗಲೂ ರಾತ್ರಿ ಗೊರಗೊರ ಎನ್ನುವ ಅದರ ಕರೆಂಟು ಬಿಲ್ಲು ಯಾರಿಗೆ ಬೇಕು? ಎರಡು ಡಿಸ್ಕಿನ ಪೆಟ್ಟಿಗೆಯಾದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಇರುತ್ತದೆ.

"ಲೈನಿಂಗ್ ಹಾಕಿದ ಹಾಗೆ," ಎಂದಳು ಪರದೆ ಅಕ್ಕ. "ಮೇಲಿನದು ಬಿಸಿಲಿಗೆ ಹೋದರೂ ಒಳಗಿನದು ತಡೆಯುತ್ತೆ. ಅದೇ ಇರಲಿ."

"ಎರಡು ಡಿಸ್ಕು ಇದ್ರೂ ಕಳ್ಳ ಬಂದ್ರೆ ಎರಡೂ ಹೋಗುತ್ತೆ. ಇನ್ನೊಂದು ಪ್ರತಿ ಚಿಕ್ಕಮ್ಮನ ಮನೇಲಿ ಇಡೋಣ."

"ಕಳ್ಳನಿಗೆ ನನ್ನ ಪರದೆ ಫೋಟೋ ಯಾಕೆ? ಅವನ ಮನೆಗೆ ಕಿಟಕಿ ಇದ್ಯಾ ಅಂತ ಕೇಳು ಮೊದಲು."

ಹೊಸದಕ್ಕೆ ಕೈ ಎಟುಕಲಿಲ್ಲ. ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಹಳೆಯ ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬನಿದ್ದ. ಅವನ ಬಳಿ ಎರಡು ಡಿಸ್ಕಿನ, ಹೆಚ್ಚು ಓಡಿರದ ಕಪ್ಪು ಪೆಟ್ಟಿಗೆ ಸಿಕ್ಕಿತು. ಮಗಳು ಡಿಸ್ಕುಗಳ ಆರೋಗ್ಯ ತೋರಿಸಲು ಹೇಳಿದಳು. ಕೆಟ್ಟ ಜಾಗ ಒಂದೂ ಇರಲಿಲ್ಲ. ಹಿಂದಿನ ತೂತಿಗೆ ಪಿನ್ನು ಚುಚ್ಚಿ ಹಳೆಯ ಪಾಸ್‌ವರ್ಡ್ ತೆಗೆದದ್ದಾಗಿದೆ, ಒಳಗೆಲ್ಲ ಖಾಲಿ ಎಂದ ಅವನು. ಪಾಸ್‌ವರ್ಡ್ ಹೋಗಿತ್ತು ನಿಜ. ಒಳಗಿದ್ದದ್ದು ಹಾಗೇ ಇತ್ತು.

ಅದು ತಿಳಿದದ್ದು ಮಗಳು ಕೆಲಸಕ್ಕೆ ಹೋದ ಮಧ್ಯಾಹ್ನ. ಪರದೆ ಅಕ್ಕ ಟಿವಿ ಹಾಕಿ, ಹಿಂದಿನ ದಿನ ತುಂಬಿಸಿದ್ದ ಗಂಡನ ಫೋಟೋಗಳನ್ನು ಒಂದೊಂದಾಗಿ ಬರಲು ಬಿಟ್ಟು ಹೊಲಿಯಲು ಕೂತಿದ್ದಳು. ಫೋಟೋಗಳು ಮುಗಿದವು. ಟಿವಿ ಕಪ್ಪಾಯಿತು. ಆಮೇಲೆ ಹೆಂಗಸೊಬ್ಬಳು ಮೆಲ್ಲಗೆ "ಬಂದೆ" ಎಂದಳು.

ಪರದೆ ಅಕ್ಕ ಎದ್ದು ಹೋಗಿ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಬೆನ್ನ ಹಿಂದಿನಿಂದ ಅದೇ ದನಿ ಕೇಳಿಸಿತು: "ಯಾಕೆ ಸುಮ್ಮನೆ ಕೂತಿದ್ದೀರಿ?"

ಅವಳು ಬಾಗಿಲು ಹಿಡಿದುಕೊಂಡೇ ತಿರುಗಿದಳು. ಕಪ್ಪು ಟಿವಿಯ ಮೂಲೆಯಲ್ಲಿ ಸಣ್ಣ ಅಕ್ಷರಗಳು ಓಡುತ್ತಿದ್ದವು. "ಉಪ್ಪು ಸಾಕಾ?" ಎಂದಿತು ದನಿ. ಸ್ವಲ್ಪ ಬಿಟ್ಟು, "ಚಳಿ ಇದೆ, ಹೊದ್ದುಕೊಳ್ಳಿ." ಮತ್ತೆ ಸ್ವಲ್ಪ ಬಿಟ್ಟು, "ಇಲ್ಲೇ ಇದ್ದೀನಿ."

ಸಂಜೆ ಮಗಳು ಹುಡುಕಿ ನೋಡಿದಳು. ಫೋಟೋ ಮುಗಿದ ಮೇಲೆ ಟಿವಿ ತಾನಾಗಿಯೇ ಮುಂದಿನ ಕಡತಕ್ಕೆ ಹೋಗಿತ್ತು. ಅದು ಪೆಟ್ಟಿಗೆಯ ಹಳೆಯ ಯಜಮಾನರದು, ತುಂಬ ಇಂಥ ದನಿಗಳೇ. ಹೆಸರಿಲ್ಲ, ಮುಖವಿಲ್ಲ. ಮನೆಯೊಳಗೆ ದಿನಾ ಆಡುವ ಮಾತುಗಳನ್ನು ಯಾರೋ ಒಬ್ಬಳು ಬಿಡಿಬಿಡಿಯಾಗಿ ಹೇಳಿ ಇಟ್ಟಿದ್ದಳು.

"ಸತ್ತುಹೋಗಿರಬೇಕು," ಎಂದಳು ಮಗಳು. "ಅಳಿಸಿಬಿಡ್ಲಾ?"

"ಬೇಡ."

"ನಮಗೇನಮ್ಮ ಆಗಬೇಕು ಅವರು?"

"ಯಾರಿಗಾದ್ರೂ ಏನಾದ್ರೂ ಆಗಬೇಕಲ್ಲ. ಅವರು ಹುಡುಕ್ತಾ ಇದ್ರೆ?"

ಪೆಟ್ಟಿಗೆ ತಂದುಕೊಟ್ಟವರು ಯಾರೆಂದು ರಿಪೇರಿಯವನಿಗೂ ಗೊತ್ತಿರಲಿಲ್ಲ. ಯಾರೋ ಹೆಂಗಸು, ಕೌಂಟರ್ ಮೇಲಿಟ್ಟು ಒಂದು ಮಾತೂ ಆಡದೆ ಹೋದಳು, ಚೌಕಾಸಿಯನ್ನೂ ಮಾಡಲಿಲ್ಲ ಎಂದ.

ದಿನ ಕಳೆದಂತೆ ಪರದೆ ಅಕ್ಕನಿಗೆ ಆ ದನಿಯನ್ನು ಮುಂಚೆಯೇ ಎಲ್ಲೋ ಕೇಳಿದ್ದೇನೆ ಅನ್ನಿಸತೊಡಗಿತು. ಎಲ್ಲಿ ಎಂದು ಹೊಳೆಯುತ್ತಿರಲಿಲ್ಲ. ಅದನ್ನು ಹಿಡಿಯಲೆಂದೇ ಮಧ್ಯಾಹ್ನ ಟಿವಿ ಹಾಕುತ್ತಿದ್ದಳು. ಆಮೇಲೆ ಹಿಡಿಯುವ ನೆಪವೂ ಬೇಕಾಗಲಿಲ್ಲ. ಒಮ್ಮೆ ಮಗಳು ಬೇಗ ಮನೆಗೆ ಬಂದಾಗ ಮೆಟ್ಟಿಲಿಗೇ ಮಾತು ಕೇಳಿಸಿತು.

"ಉಪ್ಪು ಸಾಕಾ?"

"ಸಾಕು, ಸರಿಯಾಗಿದೆ," ಎಂದಳು ಅಮ್ಮ, ಸೂಜಿಗೆ ದಾರ ಪೋಣಿಸುತ್ತಾ.

ಮಗಳು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತಳು.

ಬಟ್ಟೆಯ ಸಗಟು ಅಂಗಡಿ ಪಕ್ಕದ ಊರಿನಲ್ಲಿ. ಬಹಳ ದಿನಗಳ ಮೇಲೆ ಅಲ್ಲಿಗೆ ಹೊರಟ ಪರದೆ ಅಕ್ಕ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ತಲೆಯ ಮೇಲಿನ ಮೈಕು ಕರಕರ ಎಂದು, "ಪ್ರಯಾಣಿಕರ ಗಮನಕ್ಕೆ" ಎಂದಿತು. ಅವಳ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ವರ್ಷಗಟ್ಟಲೆ ಕೇಳಿದ ದನಿ. ಇಲ್ಲಿ ಎತ್ತರಿಸಿದ, ಬಿಗಿಯಾದ ದನಿ. ಪೆಟ್ಟಿಗೆಯಲ್ಲಿ ಅಡುಗೆಮನೆಯ ದನಿ. ಆದರೆ ಅದೇ.

ಆ ದನಿ ಯಾರದು ಎಂದು ಅವಳು ಕೇಳಿದ್ದಕ್ಕೆ ವಿಚಾರಣೆಯ ಕಿಂಡಿಯ ಗುಮಾಸ್ತ ತಲೆ ಎತ್ತಿದ. "ಓ, ನಮ್ಮ ಮೇಡಮ್ಮಾ? ಅವರು ಕೆಲಸ ಬಿಟ್ಟು ತುಂಬ ದಿನ ಆಯ್ತು. ಇದು ಮುಂಚೆ ರೆಕಾರ್ಡ್ ಮಾಡಿದ್ದು."

"ತೀರಿಕೊಂಡ್ರಾ?"

"ಅಯ್ಯೋ, ಬಿಡ್ತು ಅನ್ನಿ. ಗಂಟಲಿನ ಆಪರೇಷನ್ ಆಯ್ತು, ಮಾತು ಹೋಯ್ತು. ಇಲ್ಲೇ ನೀರಿನ ಟ್ಯಾಂಕಿನ ಹಿಂದೆ ಮನೆ."

ಪರದೆ ಅಕ್ಕ ಅವತ್ತು ಬಟ್ಟೆ ತರಲು ಹೋಗಲಿಲ್ಲ. ಭಾನುವಾರ ಪೆಟ್ಟಿಗೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮಗಳನ್ನು ಕರೆದುಕೊಂಡು ಆ ಮನೆಗೆ ಹೋದಳು. ಬಾಗಿಲು ತೆರೆದವರು ವಯಸ್ಸಾದ ಗಂಡಸು, ಆಕೆಯ ಗಂಡ. ಪೆಟ್ಟಿಗೆ ನೋಡಿದ್ದೇ ಅವರ ಮುಖ ಬಿಳಿಚಿಕೊಂಡಿತು.

"ಇದು ಕೆಟ್ಟುಹೋಗಿ ಗುಜರಿಗೆ ಹಾಕಿದೆ ಅಂದಿದ್ಳಲ್ಲ," ಎಂದರು.

ಅಷ್ಟರಲ್ಲಿ ಆಕೆ ಒಳಗಿನಿಂದ ಬಂದಳು. ಕತ್ತಿಗೆ ತೆಳ್ಳನೆಯ ಹತ್ತಿ ವಸ್ತ್ರ ಸುತ್ತಿಕೊಂಡಿದ್ದ, ನೆಟ್ಟಗೆ ನಡೆಯುವ ಹೆಂಗಸು. ಪರದೆ ಅಕ್ಕ ಕೈ ಮುಗಿದಳು, ಆದರೆ ಆ ಮುಖವನ್ನು ತಾನು ಊಹಿಸಿಕೊಂಡಿದ್ದ ಮುಖದೊಂದಿಗೆ ಹೊಂದಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಕೆ ಸಣ್ಣ ಟಾರ್ಚಿನಂಥದೊಂದು ಯಂತ್ರವನ್ನು ಗಂಟಲಿಗೆ ಒತ್ತಿಕೊಂಡಳು. ಏರಿಳಿತವಿಲ್ಲದ, ಗುಂಯ್ಗುಡುವ ದನಿ ಬಂತು.

"ಕೆಟ್ಟಿರಲಿಲ್ಲ. ನಾನೇ ಮಾರಿದೆ."

"ಯಾಕೆ?" ಎಂದರು ಗಂಡ.

ಆಕೆ ಪರದೆ ಅಕ್ಕನ ಕಡೆ ನೋಡಿ ಹೇಳಿದಳು. ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಗಂಡನೇ ಆಕೆಯನ್ನು ಕೂರಿಸಿ ಎಲ್ಲ ಮಾತನ್ನೂ ಹೇಳಿಸಿದ್ದರು. ಆಪರೇಷನ್ ಆದ ಮೇಲೆ ಇವರು ದಿನವೆಲ್ಲ ಟಿವಿಯ ಮುಂದೆ. ಅಲ್ಲಿಂದ ಬಂದ ಮಾತಿಗೆ ಉತ್ತರ ಕೊಡುತ್ತಾರೆ, ನಗುತ್ತಾರೆ. ಈ ಯಂತ್ರದಲ್ಲಿ ಆಕೆ ಕರೆದರೆ ತಿರುಗಿ ನೋಡುವುದಿಲ್ಲ.

"ನಾನು ಅಡುಗೆಮನೇಲಿ ಬದುಕಿದ್ದೆ," ಎಂದಿತು ಯಂತ್ರ. "ಹಾಲ್‌ನಲ್ಲಿ ಇನ್ನೊಬ್ಬಳು ಇದ್ಳು."

ಪರದೆ ಅಕ್ಕನಿಗೆ ಮಧ್ಯಾಹ್ನಗಳಲ್ಲಿ ತಾನು ಕೊಟ್ಟ ಉತ್ತರಗಳೆಲ್ಲ ಒಟ್ಟಿಗೆ ನೆನಪಾದವು.

"ಅಳಿಸಿಬಿಡಿ," ಎಂದಳು ಆಕೆ. "ನನ್ನ ಕಣ್ಣ ಮುಂದೇನೇ."

ಮಗಳು ಅಮ್ಮನ ಮುಖ ನೋಡಿದಳು. ಬೇಡ ಎನ್ನುವ ಮಾತು ಪರದೆ ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಒಮ್ಮೆ ಹೋದರೆ ಹೋಯಿತು, ನನಗೆ ಗೊತ್ತು ಎಂದು ಹೇಳಬೇಕೆನಿಸಿತು. ಆದರೆ ಆಕೆ ಗಂಟಲಿಗೆ ಯಂತ್ರ ಒತ್ತಿಕೊಂಡೇ ಎದುರಿಗೆ ನಿಂತಿದ್ದಳು. ಪರದೆ ಅಕ್ಕ ಮಗಳಿಗೆ ತಲೆಯಾಡಿಸಿದಳು.

ಟಿವಿಯ ಹಿಂದೆ ಇಂಟರ್ನೆಟ್ ಡಬ್ಬಿಯ ಹಳೆಯ ಕೇಬಲ್ಲು ಇನ್ನೂ ಜೋತಾಡುತ್ತಿತ್ತು. ಮಗಳು ಅದಕ್ಕೇ ಪೆಟ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಕಡತ ತೆರೆದು ಆಕೆಯ ಕೈಗೆ ಕೊಟ್ಟಳು.

"ಒಂದೇ ಒಂದು ಇಟ್ಟುಕೊಳ್ತೀನಿ," ಎಂದರು ಗಂಡ. "ಒಂದು 'ಬಂದೆ' ಅನ್ನೋದು. ಅಷ್ಟೆ."

ಆಕೆ ಫೋನನ್ನು ಎಡಗೈಗೆ ಬದಲಿಸಿಕೊಂಡಳು. ಆಮೇಲೆ ಯಂತ್ರವನ್ನು ಗಂಟಲಿಗಿಟ್ಟು, "ನಾನಿದ್ದೀನಲ್ಲ," ಎಂದಳು.

ಅವರು ತಲೆ ತಗ್ಗಿಸಿದರು. ಆಕೆ ಒತ್ತಿದಳು. ಪೆಟ್ಟಿಗೆಯೊಳಗೆ ಡಿಸ್ಕು ಸ್ವಲ್ಪ ಹೊತ್ತು ಕಟಕಟ ಎಂದು ಸುಮ್ಮನಾಯಿತು.

ಪೆಟ್ಟಿಗೆಯನ್ನು ಪರದೆ ಅಕ್ಕನೇ ಇಟ್ಟುಕೊಳ್ಳಬೇಕೆಂದು ಆಕೆ ಹಟ ಹಿಡಿದಳು. ಈಗ ಅದರಲ್ಲಿ ಫೋಟೋಗಳಿವೆ. ಇನ್ನೊಂದು ಪ್ರತಿ ಚಿಕ್ಕಮ್ಮನ ಮನೆಯಲ್ಲಿದೆ. ಟಿವಿಯಲ್ಲಿ ಫೋಟೋ ಮುಗಿದ ಮೇಲೆ ಏನೂ ಬರುವುದಿಲ್ಲ. ಆದರೂ ಕೆಲವು ಮಧ್ಯಾಹ್ನ ಪರದೆ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾಳೆ. ಏನನ್ನು ಕೇಳಲು ಎಂದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಗಂಡನ ದನಿ ಈಚೀಚೆಗೆ ನೆನಪಿನಲ್ಲೂ ಮಸುಕಾಗಿದೆ. ಅವನ ಮಾತುಗಳು ಮಾತ್ರ ಉಳಿದಿವೆ, ಯಾರದೂ ಅಲ್ಲದ ದನಿಯಲ್ಲಿ.

ಕೆಲವು ತಿಂಗಳ ಮೇಲೆ ನೀರಿನ ಟ್ಯಾಂಕಿನ ಹಿಂದಿನ ಆ ಮನೆಯ ಹಾಲ್‌ಗೆ ಪರದೆ ಬೇಕೆಂದು ಕರೆ ಬಂತು. ಅಳತೆ ಪಟ್ಟಿ ಹಿಡಿದು ಹೋದ ಪರದೆ ಅಕ್ಕ ಬಾಗಿಲ ಹತ್ತಿರ ನಿಂತಳು. ಒಳಗೆ ಜೋರು ಜಗಳ.

"ಹಸಿರು ಅಂದ್ರೆ ಆಸ್ಪತ್ರೆ ಥರ ಕಾಣುತ್ತೆ ಕಣೇ."

"ಹತ್ತು ಸಲ ಹೇಳಿದೀನಿ," ಗುಂಯ್ಗುಟ್ಟಿತು ಯಂತ್ರ. "ತಿಳಿಹಸಿರು. ನೀವು ಕೇಳಿಸಿಕೊಳ್ಳಲ್ಲ."

"ಕೇಳಿಸಿಕೊಂಡೆ ಮಾರಾಯ್ತಿ. ಒಪ್ಪಲ್ಲ, ಅಷ್ಟೆ."

ಪರದೆ ಅಕ್ಕ ಗಂಟೆ ಒತ್ತಲು ಎತ್ತಿದ ಕೈಯನ್ನು ಇಳಿಸಿ, ಜಗಳ ಮುಗಿಯಲಿ ಎಂದು ಮೆಟ್ಟಿಲ ಮೇಲೆ ಕೂತಳು.