ಮಾಯವ್ವನ ವಿಳಾಸದ ತನಿಖೆ

ಅದು ನನ್ನ ಸರ್ವಿಸಿನ ಕೊನೆಯ ವರ್ಷ. ಬಾದಾಮಿ ತಾಲ್ಲೂಕಿನ ಒಂದು ಠಾಣೆಯಲ್ಲಿ ನಾನು ಎಎಸ್‌ಐ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿದ್ದೆ. ಮಂಡಿನೋವಿನವನೆಂದು ಬಂದೋಬಸ್ತಿನಿಂದ ಬಿಡಿಸಿ ಪಾಸ್‌ಪೋರ್ಟ್ ಪರಿಶೀಲನೆಯ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದರು. ಕೆಲಸ ಇಷ್ಟೇ. ಯಾರಾದರೂ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಅದು ಠಾಣೆಯ ಟ್ಯಾಬ್‌ಗೆ ಬರುತ್ತದೆ. ನಾವು ವಿಳಾಸಕ್ಕೆ ಹೋಗಿ, ಅರ್ಜಿದಾರರು ನಿಜವಾಗಿ ಅಲ್ಲಿ ವಾಸವಿದ್ದಾರೆಯೇ ಎಂದು ನೋಡಿ, ನೆರೆಹೊರೆಯವರನ್ನು ಕೇಳಿ, ಠಾಣೆಯಲ್ಲಿ ಪ್ರಕರಣ ಇದೆಯೇ ಎಂದು ತಾಳೆ ಹಾಕಿ ವರದಿ ಕಳಿಸಬೇಕು. ವರದಿ ‘ಕ್ಲಿಯರ್’ ಎಂದಿದ್ದರೆ ಪಾಸ್‌ಪೋರ್ಟ್ ಮನೆಗೆ ಬರುತ್ತದೆ. ‘ಅಡ್ವರ್ಸ್’, ಅಂದರೆ ಪ್ರತಿಕೂಲ ಎಂದಾದರೆ ಕಡತ ಕೂತಲ್ಲೇ ಕೂರುತ್ತದೆ, ಅರ್ಜಿದಾರರು ತಿಂಗಳುಗಟ್ಟಲೆ ಅಲೆಯಬೇಕು.

ಬೇಸಿಗೆಯ ಒಂದು ಮುಂಜಾನೆ ಟ್ಯಾಬ್ ತೆರೆದರೆ ಮಾಯವ್ವ ಎಂಬ ಹೆಸರು. ಕುಳಗೇರಿ ಕ್ರಾಸ್‌ನ ಆಚೆಗಿನ ಹಳ್ಳಿ. ಚಹಾ ಕೆಳಗಿಟ್ಟು ಆ ಹೆಸರನ್ನು ಮತ್ತೊಮ್ಮೆ ಓದಿದೆ.

ಯಾಕೆಂದು ಹೇಳಬೇಕಾದರೆ ನಮ್ಮ ಮನೆಯ ಸುದ್ದಿ ಹೇಳಬೇಕು. ನನ್ನ ಮಗ ಸಚಿನ್ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ್ದ. ಹವಾಮಾನ ಬದಲಾವಣೆಯ ಬಗ್ಗೆ ಪ್ರಚಾರ ಮಾಡುವ ಯುವಕ ಯುವತಿಯರಿಗೆಂದು ಒಂದು ಸಂಸ್ಥೆ ಫೆಲೋಶಿಪ್ ಕರೆದಿತ್ತು. ಒಂದು ವರ್ಷ ಸಂಬಳ, ತರಬೇತಿ. ಊರೂರು ತಿರುಗಿ ಜನರ ಅನುಭವ ಕೂಡಿಸಬೇಕು. ಕೊನೆಗೆ ದೇಶದೇಶಗಳ ಸರ್ಕಾರಗಳು ಸೇರಿ ಮಾತುಕತೆ ನಡೆಸುವ ಅಂತರರಾಷ್ಟ್ರೀಯ ಸಭೆಗೆ ಹೋಗಿ ಅದನ್ನು ಹೇಳಬೇಕು. ನಮ್ಮ ಭಾಗಕ್ಕೆ ಇದ್ದದ್ದು ಒಂದೇ ಜಾಗ. ಸಚಿನ್ ಬಾಗಲಕೋಟೆಯ ಸಂದರ್ಶನಕ್ಕೆ ಹೊಸ ಬೂಟು ಹಾಕಿಕೊಂಡು, ಸ್ಲೈಡು ಗೀಡು ಎಲ್ಲ ಮಾಡಿಕೊಂಡು ಹೋಗಿದ್ದ. ಆಯ್ಕೆಯಾದವಳು ಮಾಯವ್ವ, ಬೀರಪ್ಪ ದೇವರ ಒಕ್ಕಲಿನ ಕುರಿಗಾರರ ಮಗಳು, ಬರೀ ಬಿ.ಎ. ನನ್ನ ಮಗನ ಹೆಸರು ಕಾಯುವ ಪಟ್ಟಿಯಲ್ಲಿ ಮೊದಲನೆಯದು. ತಿಂಗಳ ಕೊನೆಯೊಳಗೆ ಅವಳು ಪಾಸ್‌ಪೋರ್ಟ್ ಸಂಖ್ಯೆ ಕೊಡದಿದ್ದರೆ ಆ ಜಾಗ ಸಚಿನ್‌ನದು.

‘ಹೋಗಲಿ ಬಿಡು’ ಎಂದು ಮಗನಿಗೆ ದೊಡ್ಡ ಮನುಷ್ಯನಂತೆ ಹೇಳಿದ್ದೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಅವಳ ಫೋಟೊ ಪೇಪರಿನಲ್ಲಿ ಬಂದಾಗ ಪಕ್ಕದ ಮನೆಯವರು ಅದನ್ನು ನಮ್ಮ ಮನೆಗೇ ತಂದು ತೋರಿಸಿದರು. ಮರಿ ಹೊತ್ತವರನ್ನು ವಿದೇಶಕ್ಕೆ ಕಳಿಸುತ್ತಾರೆಂದು ಗೊತ್ತಿದ್ದರೆ ಸಚಿನ್‌ಗೂ ಸಂತೆಯಲ್ಲಿ ಒಂದು ಮರಿ ಕೊಡಿಸುತ್ತಿದ್ದೆ ಎಂದು ಹೆಂಡತಿಯ ಮುಂದೆ ಕಾರಿಕೊಂಡೆ.

ಆದರೂ ನಿಯಮ ನಿಯಮವೇ. ಇನ್‌ಸ್ಪೆಕ್ಟರ್ ಸಾಹೇಬರ ಮುಂದೆ ಎಲ್ಲ ಹೇಳಿ, ಈ ಅರ್ಜಿ ಬೇರೆಯವರಿಗೆ ಕೊಡಿ ಎಂದು ಕೇಳಿದೆ. ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವರು, ಆದರೆ ಚುರುಕು. ಟ್ಯಾಬನ್ನು ತಿರುಗಿ ನನ್ನ ಕಡೆಗೇ ಸರಿಸಿದರು.

“ಬ್ಯಾರೆಯವರನ್ನ ಕಳಿಸಿದ್ರ ಅವರು ನಿಮ್ಮ ಮಾರಿ ನೋಡಿ ವರದಿ ಬರೀತಾರ. ನೀವಽ ಹೋಗ್ರಿ. ನೀವು ಬರದದ್ದನ್ನ ನಾ ಕುಂತು ಓದ್ತೇನಿ.”

ಮರುದಿನ ಹಳ್ಳಿಗೆ ಹೋದೆ. ಮನೆಗೆ ಬೀಗ. ಅಂಗಳದಲ್ಲಿ ಒಣಗಿದ ಕಸ. ಪಕ್ಕದ ಮನೆಯ ಶಾಂತವ್ವ ನಾನು ಕೇಳುವ ಮೊದಲೇ ಶುರುಮಾಡಿದಳು.

“ಆಕಿ ಊರಾಗ ಎಲ್ಲಿರ್ತಾಳ್ರಿ ಸಾಹೇಬ್ರ? ಸುಗ್ಗಿ ಮುಗಿದ ಕೂಡ್ಲೆ ಅಪ್ಪ, ಅವ್ವ, ಮಗಳು ಎಲ್ಲಾರೂ ಕುರಿ ಹೊಡ್ಕೊಂಡು ಹೋಗ್ತಾರ. ಇಲ್ಲಿ ಯಾರೂ ಇರೂದಿಲ್ಲ, ಹಂಗಽ ಬರ್ಕೋರಿ. ನನ್ನ ಮಗಳೂ ಬಿ.ಎ. ಮಾಡ್ಯಾಳ್ರಿ. ಆಕೀಗೇನು ಯಾರೂ ವಿಮಾನದಾಗ ಕುಂದ್ರಸಲಿಲ್ಲ.”

ಆ ಹೆಣ್ಣುಮಗಳು ನನ್ನ ಹೊಟ್ಟೆಯೊಳಗಿನದನ್ನೇ ತೆಗೆದು ಮಾತಾಡಿದಂತಿತ್ತು. ಅವಳ ಮೇಲೆ ನನಗೆ ಪ್ರೀತಿಯೇ ಉಕ್ಕಿತು. ‘ಅರ್ಜಿದಾರರು ನಮೂದಿಸಿದ ವಿಳಾಸದಲ್ಲಿ ವಾಸವಿಲ್ಲ’ ಎಂಬ ಒಂದು ಸಾಲು ಬರೆದರೆ ಮುಗಿಯಿತು. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಾಹೇಬರು ಎಷ್ಟು ಸಲ ಓದಿದರೂ ತಪ್ಪು ಹಿಡಿಯುವಂತಿರಲಿಲ್ಲ.

ಆದರೆ ನನ್ನ ಹೊಟ್ಟೆಕಿಚ್ಚಿಗೆ ಅಷ್ಟು ಸಾಲಲಿಲ್ಲ. ಈ ಹುಡುಗಿ ನಿಜವಾಗಿ ಕುರಿಗಳ ಜೊತೆ ಇದ್ದಾಳೆಯೇ, ಅಥವಾ ಬಾಗಲಕೋಟೆಯಲ್ಲಿ ರೂಮು ಮಾಡಿಕೊಂಡು ಫೋಟೊಕ್ಕಷ್ಟೇ ಮರಿ ಎತ್ತಿಕೊಳ್ಳುತ್ತಾಳೆಯೇ? ಸಿಕ್ಕಿಬಿದ್ದರೆ ಪಾಸ್‌ಪೋರ್ಟೂ ಹೋಯಿತು, ಮರ್ಯಾದೆಯೂ ಹೋಯಿತು. ಫೋನ್ ಮಾಡಿದೆ. “ಹುನಗುಂದದ ಕಡೆ ಅದೀವ್ರಿ. ನಾಳೆ ಮುಂಜಾನೆ ಊರಿಗೆ ಬರ್ತೇನ್ರಿ,” ಎಂದಳು. ಬರುವುದು ಬೇಡ, ಎಲ್ಲಿದ್ದೀಯೋ ಅಲ್ಲೇ ಇರು ಎಂದು, ಇವತ್ತೇ ಹೊರಟಿದ್ದೇನೆಂದು ಹೇಳದೆ, ಮಂಡಿನೋವು ಮರೆತು ಬೈಕ್ ಹತ್ತಿದೆ.

ಹುನಗುಂದ ದಾಟಿ ಇಳಕಲ್ಲಿನ ದಾರಿಯಲ್ಲಿ ಕೇಳುತ್ತ ಕೇಳುತ್ತ ಹುಸೇನಸಾಬ ಎಂಬ ರೈತನ ಹೊಲ ಮುಟ್ಟಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸುಗ್ಗಿ ಮುಗಿದ ಎರೆಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿ, ಅವುಗಳ ಹಿಕ್ಕೆಯನ್ನು ಗೊಬ್ಬರವಾಗಿ ಪಡೆದು, ಕುರಿಗಾರರಿಗೆ ಜೋಳ ಕೊಡುವುದು ಆ ಕಡೆಯ ರೂಢಿ. ಬೇವಿನ ಮರದ ಕೆಳಗೆ ಒಂದು ಹುಡುಗಿ, ಮಡಿಲಲ್ಲಿ ಮರಿಯೊಂದನ್ನು ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಅದರ ತಲೆ ಒರೆಸುತ್ತಿದ್ದಳು. ಫೋಟೊ ತೆಗೆಯುವವರು ಯಾರೂ ಇರಲಿಲ್ಲ. ನನಗೆ ಬಹಳ ನಿರಾಶೆಯಾಯಿತು.

ಅವಳು ಎದ್ದು ನಿಂತು ನನ್ನ ಎದೆಯ ಮೇಲಿನ ಪಟ್ಟಿಯಲ್ಲಿ ಅಡ್ಡಹೆಸರು ಓದಿದಳು. “ನೀವು ಸಚಿನ್‌ನ ತಂದಿ ಅಲ್ರಿ? ತಮ್ಮ ತಂದಿ ಪೊಲೀಸ್ ಅಂತ ಅವರು ಹೇಳಿದ್ರು.”

“ಹೌದು,” ಎಂದೆ.

“ಇಂಟರ್‌ವ್ಯೂದಾಗ ಅವರ ಇಂಗ್ಲಿಷ್ ಕೇಳಿ ನನಗ ಹೊಟ್ಟಿ ಉರದಿತ್ರಿ. ನನಗ ಈ ಜಾಗ ಸಿಗೂದಿಲ್ಲ ಅಂದ್ಕೊಂಡಿದ್ದೆ.” ಮರಿಯನ್ನು ನೆರಳಿಗೆ ಬಿಟ್ಟು ಮುಂದುವರಿಸಿದಳು. “ಈ ವರ್ಷ ಝಳಕ್ಕ ಮರಿ ಭಾಳ ಸಾಯಾಕತ್ತಾವ್ರಿ. ಅಪ್ಪ ಹಗಲು ಮೇಯಿಸೂದು ಬಿಟ್ಟು ಬೆಳದಿಂಗಳಾಗ ಮೇಯಿಸ್ತಾನ. ಅದನ್ನ ಅಲ್ಲಿ ಹೇಳಬೇಕಂತ ಅದೇನಿ. ನೀವು ಏನರ ಬರೀರಿ, ಖರೆ ಬರೀರಿ.”

ಬೇಡಿಕೊಳ್ಳಲಿಲ್ಲ, ಅಳಲಿಲ್ಲ. ಅತ್ತಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾಟಕ ಎನ್ನಬಹುದಿತ್ತು. ಹುಸೇನಸಾಬನನ್ನು ಪಕ್ಕಕ್ಕೆ ಕರೆದು, ಇವರು ಖಾಯಂ ಎಲ್ಲಿಯವರು, ನಂಬಬಹುದಾದ ಜನವೇ ಎಂದು ಗದರಿಸಿದಂತೆ ಕೇಳಿದೆ.

“ನಮ್ಮ ಅಬ್ಬಾನ ಕಾಲದಿಂದ ಇವರ ಕುರಿ ಇದಽ ಹೊಲದಾಗ ನಿಲ್ತಾವ್ರಿ. ಸುಗ್ಗಿ ಆದಮ್ಯಾಲ ಬರ್ತಾರ, ಮಳಿ ಬೀಳೂದ್ರೊಳಗ ತಮ್ಮೂರಿಗೆ ಹೋಗ್ತಾರ. ಒಂದು ವರ್ಷ ತಪ್ಪಿಲ್ಲ. ಹೊಲ ಮೊದಲಿಂದ ಇಲ್ಲೇ ಇತ್ರಿ, ನನ್ನ ಮನೀನಽ ಹಳೆ ಬಾಗಲಕೋಟಿಯಾಗ ಡ್ಯಾಮಿನ ಹಿನ್ನೀರಿಗೆ ಹೋಗಿ ನಾ ಇಲ್ಲಿಗೆ ಬಂದೇನಿ. ಅಡ್ರೆಸ್ ನಂದು ಬದಲಾಗೇತ್ರಿ, ಇವರದಲ್ಲ.”

ಅಷ್ಟಕ್ಕೂ ಬಿಡಲಿಲ್ಲ. ಅವರು ಅದಕ್ಕೂ ಮೊದಲು ನಿಂತಿದ್ದ ಎರಡು ಹೊಲಗಳ ರೈತರನ್ನೂ ಹುಡುಕಿ ಕೇಳಿದೆ. ಒಬ್ಬನಾದರೂ ಒಂದು ಕೆಟ್ಟ ಮಾತು ಆಡಲಿ ಎಂದು ಚಹಾ ಕುಡಿಸಿ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಸಂಜೆ ಇಳಕಲ್ಲಿನ ಬಸ್ ನಿಲ್ದಾಣದ ಹತ್ತಿರ ಬೈಕ್ ನಿಲ್ಲಿಸಿ ಕೂತಾಗ ಒಂದು ವಿಷಯ ಹೊಳೆಯಿತು. ಆ ಹುಡುಗಿಯನ್ನು ಕೆಡವಲು ಹೊರಟ ನಾನು ಅವಳ ಪರವಾಗಿ ಸಾಕ್ಷಿಗಳ ಸಾಲನ್ನೇ ಕೂಡಿಸಿಬಿಟ್ಟಿದ್ದೆ. ಇನ್ನು ‘ವಾಸವಿಲ್ಲ’ ಎಂದು ಬರೆದರೆ ಅದು ಸುಳ್ಳಾಗುತ್ತಿತ್ತು, ಮತ್ತು ಅದು ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ.

ವರದಿ ಬರೆದೆ. ಕುಟುಂಬ ಕುರಿಗಳೊಂದಿಗೆ ಋತುಮಾನಕ್ಕೆ ತಕ್ಕಂತೆ ಸಂಚರಿಸುತ್ತದೆ, ಖಾಯಂ ವಾಸ ಸ್ವಂತ ಹಳ್ಳಿಯಲ್ಲೇ, ದಾರಿಯುದ್ದಕ್ಕೂ ಗುರುತು ಹೇಳುವವರಿದ್ದಾರೆ, ಯಾವ ಪ್ರಕರಣವೂ ಇಲ್ಲ. ಕ್ಲಿಯರ್. ಬೆರಳು ಆ ಗುಂಡಿ ಒತ್ತುವಾಗ ಮೈಯೆಲ್ಲ ಉರಿಯಿತು. ಸಾಹೇಬರು ಎರಡು ಸಲ ಓದಿ, “ಇಷ್ಟು ಉದ್ದದ ವರದಿ ನೀವು ಕೊಲೆ ಕೇಸಿನಾಗೂ ಬರದಿರಲಿಕ್ಕಿಲ್ಲ,” ಎಂದರು. ಅದು ನಿಜವಾಗಿತ್ತು.

ಅವಳಿಗೆ ಪಾಸ್‌ಪೋರ್ಟ್ ಸಮಯಕ್ಕೆ ಬಂತು. ಮನೆಯಲ್ಲಿ ನಾನೇ ಬಾಯಿಬಿಟ್ಟು ಹೇಳಿದೆ. ಸಚಿನ್ ಊಟದ ತಾಟಿನಿಂದ ತಲೆ ಎತ್ತಲಿಲ್ಲ.

“ನೀ ಹೋಗಬಾರದಿತ್ತಪ್ಪಾ. ಬ್ಯಾರೆ ಯಾರರ ಹೋಗಿದ್ರ ಚಲೋ ಇತ್ತು.”

“ಬ್ಯಾರೆಯವರು ಹೋಗಿದ್ರ ಬೀಗ ನೋಡಿ ವಾಪಸ್ ಬರ್ತಿದ್ರಪಾ. ಆಕಿ ಹೋಗ್ತಿರಲಿಲ್ಲ.”

“ಅದಕ್ಕಽ ಅಂದೆ,” ಎಂದು ಕೈ ತೊಳೆಯಲು ಎದ್ದ.

ಮಾಯವ್ವ ಆ ಸಭೆಯಲ್ಲಿ ಮಾತಾಡಿದ ವಿಡಿಯೊ ಊರೆಲ್ಲ ಓಡಾಡಿತು. ನಾನು ಕದ್ದು ನೋಡಿದೆ. ನನ್ನ ಮಗ ಇನ್ನೂ ಚೆನ್ನಾಗಿ ಮಾತಾಡುತ್ತಿದ್ದ ಎಂದೇ ನನಗನ್ನಿಸಿತು. ನೌಕರಿ ನನಗೆ ಕಲಿಸಿದ್ದು ಇಷ್ಟು: ಒಬ್ಬರ ಮೇಲೆ ಹೊಟ್ಟೆಕಿಚ್ಚು ಇದ್ದಾಗ ಅವರ ವಿಷಯದಲ್ಲಿ ಎರಡು ಊರು ಹೆಚ್ಚಿಗೆ ತಿರುಗಿಯೇ ಪೆನ್ನು ಹಿಡಿಯಬೇಕು. ಕಿಚ್ಚು ಆರಲಿ, ಆಮೇಲೆ ನ್ಯಾಯ ಮಾಡೋಣ ಎಂದು ಕಾಯುವಂತಿಲ್ಲ. ನನ್ನದು ಇನ್ನೂ ಆರಿಲ್ಲ.