ಗುರುಬಸವರಾಜ ಮೇಷ್ಟ್ರ ಕೆಮ್ಮು

ಹರಪನಹಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಗುರುಬಸವರಾಜ ಮೇಷ್ಟ್ರಿಗೆ ಹುಡುಗರು ಫೇಲಾಗುವುದನ್ನು ನೋಡಲಾಗದು. "ಆಲ್ಕೋಹಾಲಿಗೆ ಲೂಕಾಸ್ ದ್ರಾವಣ ಹಾಕ್ರಿ. ತಕ್ಷಣ ಕದಡಿದ್ರ ತೃತೀಯಕ, ತಡೆದು ಕದಡಿದ್ರ ದ್ವಿತೀಯಕ, ತಿಳಿಯಾಗೇ ಉಳಿದ್ರ ಪ್ರಾಥಮಿಕ" ಎಂದು ವರ್ಷವಿಡೀ ಹಾಡುತ್ತಾರೆ, ಮನೆಯಲ್ಲಿ ಹಾಲು ಒಡೆದರೂ "ತೃತೀಯಕ!" ಎನ್ನುತ್ತಾರೆ. ಪ್ರಾಯೋಗಿಕ ಪರೀಕ್ಷೆಯ ದಿನ ಬಾಯಿ ಬಿಡುವಂತಿಲ್ಲ, ಹಾಗಾಗಿ ಕೆಮ್ಮುತ್ತಾರೆ. ದ್ರಾವಣ ಹಾಕಿದ ಕೂಡಲೇ ಕೆಮ್ಮಿದರೆ ತೃತೀಯಕ, ಕಿಟಕಿಯವರೆಗೆ ಹೋಗಿ ಬಂದು ಕೆಮ್ಮಿದರೆ ದ್ವಿತೀಯಕ, ಕೆಮ್ಮದಿದ್ದರೆ ಪ್ರಾಥಮಿಕ. ಈ ಸಲ ಅವರಿಗೆ ನಿಜವಾಗಿಯೇ ನೆಗಡಿ-ಕೆಮ್ಮು ಹಿಡಿದಿತ್ತು. ದ್ರಾವಣ ಬೀಳುವುದಕ್ಕೂ ಇವರು ಖೊಕ್ ಎನ್ನುವುದಕ್ಕೂ ಸರಿಹೋಯಿತು. ಒಂದೇ ಆಲ್ಕೋಹಾಲ್ ಸಿಕ್ಕಿದ್ದ ಇಡೀ ಸಾಲು ತಲೆ ತಗ್ಗಿಸಿ 'ತೃತೀಯಕ' ಎಂದು ಬರೆಯಿತು. ಸಮತಾ ಎಂಬ ಹುಡುಗಿ ಮಾತ್ರ ಪ್ರನಾಳವನ್ನೇ ನೋಡುತ್ತ ನಿಂತಿದ್ದಳು. "ಯಾಕಮ್ಮ, ನೀನು ಬರೀಲಿಲ್ಲ?" ಎಂದರು ಹೊರಗಿನಿಂದ ಬಂದ ಪರೀಕ್ಷಕರು. "ಸರ್ ಕೆಮ್ಮಿದ್ರು ಖರೆ, ಆದ್ರ ಟ್ಯೂಬಿನಾಗ ತಿಳಿ ಐತ್ರಿ. ನಾ ಪ್ರಾಥಮಿಕ ಅಂತ ಬರೀತೀನ್ರಿ." ಪರೀಕ್ಷಕರು ಕಣ್ಣು ಕೆಂಪಗೆ ಮಾಡಿ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರಿಗೆ ನೌಕರಿಯ ಭಯ ನೆನಪಾಗಲೇ ಇಲ್ಲ, ಮೂಗು ಒರೆಸಿಕೊಂಡು, ಮುಖವೆಲ್ಲ ಹಲ್ಲಾಗಿ, "ನೋಡ್ರಿ ಸರ್, ಕಡೀಗೂ ಒಬ್ಬಾಕಿಗೆ ಕೆಮಿಸ್ಟ್ರಿ ಕಲಿಸೀನಿ!" ಎಂದರು.