ರಸ್ತೆ ಬದಿಯ ನಾಟಿ ಎಲೆ

ಹೋದ ವಾರ ಹಂಪಿಯ ಗೆಸ್ಟ್‌ಹೌಸೊಂದರ ಅಂಗಳದಲ್ಲಿ ಚಹಾ ಕುಡಿಯುತ್ತ, ಕೈಗೆಟುಕಿದ ಎಲೆಯೊಂದನ್ನು ಸುಮ್ಮನೆ ಕಿತ್ತೆ. ತೊಟ್ಟಿನಲ್ಲಿ ಬಿಳಿ ಹಾಲು ಜಿನುಗಿತು, ಹಸಿ ವಾಸನೆ ಮೂಗಿಗೆ ಬಡಿಯಿತು. "ಅದ್ಯಾವ ಗಿಡಾನೋ ಏನೋ ಅಕ್ಕಾರ, ಕಡಿಸಬೇಕು ಅಂತ ಮಾಡೀನಿ," ಎಂದ ಗೆಸ್ಟ್‌ಹೌಸಿನ ಮಾಲೀಕ. "ಹಿಪ್ಪುನೇರಳೆ. ನಾಟಿ ಜಾತಿ," ಎಂದೆ. ಕಣ್ಣಿಂದ ನೋಡಿರಲೇ ಇಲ್ಲ, ಬೆರಳಿಗೇ ಗೊತ್ತಾಗಿತ್ತು.

ಬೆರಳಿಗೆ ಅದನ್ನು ಕಲಿಸಿದವಳು ಗೌರತ್ತಿ, ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಸಂಡೂರು ರಸ್ತೆಗೆ ತಾಗಿದ್ದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದಳು. ಅಷ್ಟು ದೊಡ್ಡ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ಹುಳಗಳಷ್ಟೇ. "ಈ ಸಲ ಬೆಳಿ ಕೈಕೊಟ್ರ ತೋಟ ಕಿತ್ತು ಬಾಳಿ ಹಾಕ್ತೀನಿ ನೋಡು," ಎಂದು ಅಪ್ಪ ಹೇಳಿಯಾಗಿತ್ತು. ಹುಳಕ್ಕೆಂದು ಬೆಳೆದ ತೋಟದ ಹಿಪ್ಪುನೇರಳೆ ವಿ-ಒನ್ ಎಂಬ ಹೊಸ ಜಾತಿ. ಎಲೆ ಅಗಲ, ನುಣುಪು, ಹೊಳಪು. ಮನೆ ಮುಂದೆ ರಸ್ತೆಗೆ ಬಾಗಿ ನಿಂತಿದ್ದು ಹಳೆಯ ನಾಟಿ ಮರ. ಎಲೆ ಒರಟು, ಅಂಚು ಹರಿದ ಹಾಗೆ ಸೀಳು ಸೀಳು. ಅದಿರಿನ ಲಾರಿಗಳ ಕೆಂಪು ಧೂಳು ಆ ಒರಟು ಎಲೆಯ ಮೇಲೆ ಕೂತರೆ ಏಳುತ್ತಲೇ ಇರಲಿಲ್ಲ. "ಅದರ ಹಣ್ಣು ನಮಗ, ಎಲಿ ಯಾರಿಗೂ ಅಲ್ಲ. ಹುಳಕ್ಕಂತೂ ಮುಟ್ಟಿಸಬ್ಯಾಡ," ಎನ್ನುತ್ತಿದ್ದಳು ಅತ್ತಿ. ಹಣ್ಣು ತಿಂದು ನಮ್ಮ ನಾಲಿಗೆ, ಲಂಗ ಎಲ್ಲ ನೇರಳೆ ಬಣ್ಣ.

ನನಗಾಗ ಹತ್ತು ವರ್ಷ. ಹುಳ ಗೂಡು ಕಟ್ಟಲು ಇನ್ನು ನಾಲ್ಕೈದು ದಿನವಿತ್ತು. ಅತ್ತಿ ಸಾವಿನ ಮನೆಗೆಂದು ಕಂಪ್ಲಿಗೆ ಹೋಗಬೇಕಾಗಿ, ಮಧ್ಯಾಹ್ನ ತೋಟದಿಂದ ಎಲೆ ತಂದು ಹಾಕಲು ನನಗೆ ಹೇಳಿ ಹೋದಳು. ತೋಟ ಕಾಲುವೆಯಾಚೆ, ಬಿಸಿಲು ಅಂದರೆ ಬಿಸಿಲು. ನಾನು ಸೋಮಾರಿ, ಮನೆ ಮುಂದಿನ ಮರದ್ದೇ ಕಿತ್ತೆ. ಬಕೆಟ್ಟಿನಲ್ಲಿ ತೊಳೆದೆ, ನೀರು ಕೆಂಪಗಾಯಿತು. ಎಂಥಾ ಜಾಣೆ ನಾನು ಎಂದು ಹಿಗ್ಗಿ, ಹಸಿಹಸಿ ಎಲೆಯನ್ನೇ ಹುಳದ ತಟ್ಟೆಗಳ ಮೇಲೆ ಹರಡಿದೆ. ಹುಳಕ್ಕೆ ಒದ್ದೆ ಎಲೆ ಆಗದು ಎಂಬುದೂ ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮೂರನೆಯ ದಿನ ತಟ್ಟೆ ತಟ್ಟೆಯೇ ಕಪ್ಪಾಗಿ, ಹುಳಗಳು ಮೆತ್ತಗೆ ಜೋತುಬಿದ್ದವು. ಆ ನಾತ ಈಗಲೂ ಮರೆತಿಲ್ಲ. ಅತ್ತಿ ಕಸ ಕೆದಕಿದಳು. ತಿಂದುಳಿದ ಎಲೆಯ ಚೂರೊಂದನ್ನು ಎತ್ತಿ ಹೆಬ್ಬೆರಳಲ್ಲಿ ಸವರಿದಳು, ಸೀಳು ನೋಡಿದಳು, ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು. ಅಷ್ಟರಲ್ಲಿ ಅಪ್ಪ ಬಂದ. "ಏನಾತವ್ವಾ?" ಎಂದ. ಅತ್ತಿ ಅಂಥ ಚೂರುಗಳನ್ನೆಲ್ಲ ಬಳಿದು ಉಡಿಯಲ್ಲಿ ಕಟ್ಟಿಕೊಳ್ಳುತ್ತ, "ಹವಾ ಕೂಡಿ ಬರಲಿಲ್ಲಣ್ಣ," ಎಂದಳು.

ಅಪ್ಪ ತೋಟ ಕಿತ್ತು ಬಾಳೆ ಹಾಕಿದ. ಅತ್ತಿ ಅಡುಗೆಮನೆ ಸೇರಿದಳು, ಮತ್ತೆ ಹುಳದ ಮಾತೆತ್ತಲಿಲ್ಲ. ನನ್ನ ತಲೆ ಬಾಚುವುದನ್ನೂ ಬಿಡಲಿಲ್ಲ. ಮುಂದೆ ರಸ್ತೆ ಅಗಲ ಮಾಡುವಾಗ ಮರ ಹೋಯಿತು, ಮನೆಯೂ ಹೋಯಿತು. ಹೋದ ವರ್ಷ ಅತ್ತಿಯೂ ಹೋದಳು. ನಿಮಗೂ ಹೀಗಾಗಿರಬಹುದು, ಅಳಬೇಕಾದ ಹೊತ್ತಿಗೆ ಅಳು ಬರುವುದಿಲ್ಲ. ನಾನು ಬಂದವರಿಗೆ ಚಹಾ ಕೊಡುತ್ತ ಓಡಾಡಿದೆ.

"ಕಡಿಸಬ್ಯಾಡ್ರಿ," ಎಂದೆ ಗೆಸ್ಟ್‌ಹೌಸಿನ ಮಾಲೀಕನಿಗೆ. "ಹಣ್ಣು ಭಾಳ ರುಚಿ." ಚಹಾ ಆರಿತ್ತು. ಎಲೆಯನ್ನು ಎಸೆಯಲು ಆಗದೆ, ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಅತ್ತಿ, ಆ ಎಲಿ ನಾನ ತಂದಿದ್ದೆ.